ಸರ್ವರ್ ಕಲ್ಲಾದಾಗ ತಪ್ಪು ಯಾರದು? ರ‍್ಯಾಮ್ ದೋಷ ಹುಡುಕಿದವರ ಕತೆ

ಕಳೆದ ಭಾನುವಾರದ ಮಾತಿನ ಬರಹ ರೂಪ ಇದು. ವಿಡಿಯೋ ನೋಡಿದವರಿಗೆ ಬಹುಪಾಲು ಗೊತ್ತಿರೋ ವಿಷಯವೇ. ಆದರೆ ಕ್ಯಾಮೆರಾ ಮುಂದೆ ನಾನು ಅರ್ಧ ನುಂಗಿಬಿಟ್ಟ ಒಂದು ಭಾಗ ಇದೆ, ಅದನ್ನ ಇಲ್ಲಿ ಪೂರ್ತಿ ಬರೆದಿದ್ದೇನೆ. ಅದು ನನ್ನ ತಪ್ಪಿನ ಭಾಗ.

ನಮ್ಮಲ್ಲಿ ಮೂವತ್ತೈದು ದಾಟಿದವರನ್ನ ಕೇಳಿ, ಆಗ ಕಂಪ್ಯೂಟರ್ ಹ್ಯಾಂಗ್ ಆದರೆ ಏನು ಮಾಡ್ತಿದ್ರಿ ಅಂತ. ಕ್ಯಾಬಿನೆಟ್‌ನ ಪಕ್ಕದ ತಗಡು ಬಿಚ್ಚೋದು, ರ‍್ಯಾಮ್ ಕೀಳೋದು, ಅದರ ಚಿನ್ನದ ಬಣ್ಣದ ಪಟ್ಟಿಗಳನ್ನ ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ, ಉಫ್ ಅಂತ ಊದಿ, ಮತ್ತೆ ಒತ್ತಿ ಕೂರಿಸೋದು. ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬೈನ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಎಲ್ಲ ಕಡೆಯೂ ಇದೇ ಮನೆಮದ್ದು. ಎಷ್ಟೋ ಸಲ ಕೆಲಸಾನೂ ಮಾಡ್ತಿತ್ತು. ನಗಬೇಡಿ. ಆ ರಬ್ಬರ್ ಹಿಡಿದ ಹುಡುಗನಿಗೆ ಗೊತ್ತಿದ್ದ ಒಂದು ಸಂಗತಿಯನ್ನ ನಾನು, ಹದಿನಾಲ್ಕು ವರ್ಷದ ಅನುಭವ ಇದ್ದವನು, ಮರೆತುಬಿಟ್ಟಿದ್ದೆ.

ಆರೇಳು ವರ್ಷದ ಹಿಂದಿನ ಮಾತು. ಪುಣೆಯ ಹಿಂಜವಡಿಯಲ್ಲಿ ಒಂದು ಕಂಪನಿಯ ಸರ್ವರ್‌ಗಳನ್ನ ನೋಡಿಕೊಳ್ತಿದ್ದೆ. ಡೇಟಾಬೇಸ್ ಓಡುವ ಒಂದು ಮೆಷಿನ್‌ಗೆ 64 ಜಿಬಿ ಸಾಲದು ಅಂತಾಯ್ತು. ಒಂದು ಶನಿವಾರ ರಾತ್ರಿ 16 ಜಿಬಿಯ ನಾಲ್ಕು ಹೊಸ ಸ್ಟಿಕ್ ಹಾಕಿ 128 ಮಾಡಿದ್ವಿ. ಬೂಟ್ ಆಯ್ತು, 128 ಅಂತ ತೋರಿಸಿತು, ಒಂದು ಸುತ್ತು ಮೆಮೊರಿ ಟೆಸ್ಟ್ ಓಡಿಸಿದ್ವಿ, ಪಾಸ್. ಮನೆಗೆ ಹೋದ್ವಿ. ಮುಂದಿನ ವಾರದಿಂದ ಮೆಷಿನ್ ನಡುನಡುವೆ ಕಲ್ಲಾಗತೊಡಗಿತು. ಒಮ್ಮೆ ಅರ್ಧ ನಿಮಿಷ, ಒಮ್ಮೆ ನಾಲ್ಕು ನಿಮಿಷ. ಎರಡು ಸಲ ಪವರ್ ತೆಗೆದೇ ಎಬ್ಬಿಸಬೇಕಾಯ್ತು. ಕ್ರ್ಯಾಶ್ ಅಲ್ಲ, ಎರರ್ ಮೆಸೇಜ್ ಇಲ್ಲ. ಲಾಗ್ ತೆರೆದರೆ 11:42ರ ಸಾಲು, ಅದರ ಕೆಳಗೆ ಸೀದಾ 11:46ರ ಸಾಲು. ನಡುವಿನ ನಾಲ್ಕು ನಿಮಿಷ ಲೋಕದಲ್ಲಿ ನಡೆದೇ ಇಲ್ಲ ಅನ್ನೋ ಹಾಗೆ.

ಅದೇ ವಾರದ ಮಂಗಳವಾರ ಒಂದು ಹೊಸ ರಿಪೋರ್ಟ್ ಲೈವ್ ಆಗಿತ್ತು. ಬರೆದವನು ಗದಗ ಕಡೆಯ ಹುಡುಗ, ಕಾಂಟ್ರ್ಯಾಕ್ಟ್ ಮೇಲೆ ಬಂದವನು. ಸಂಶಯಕ್ಕೆ ಒಂದು ಮುಖ ಸಿಕ್ಕಿತು. ಅವನು ನನ್ನ ಡೆಸ್ಕಿಗೆ ಬಂದು ನಿಂತು ಹೇಳಿದ, "ಸರ್, ಐತವಾರ ನಸುಕಿನ್ಯಾಗೂ ಒಮ್ಮೆ ನಿಂತೈತ್ರಿ. ಬ್ಯಾಕಪ್ ಮುಗಿಯೂದು ತಡ ಆಗೇದ ನೋಡ್ರಿ. ಆವಾಗ ನನ್ನ ಕೋಡ್ ಇರ್ಲೇ ಇಲ್ಲ." ನಾನು ನೋಡ್ತೀನಿ ಅಂದೆ. ನೋಡಲಿಲ್ಲ. ಬ್ಯಾಕಪ್ ತಡ ಆಗೋಕೆ ನೂರು ಕಾರಣ ಇರ್ತವೆ ಅಂತ ನನಗೆ ನಾನೇ ಹೇಳಿಕೊಂಡು, ಕಾರಣ ವಿವರಿಸುವ ಮೇಲ್‌ನಲ್ಲಿ "ಹೊಸ ರಿಪೋರ್ಟ್‌ನಲ್ಲಿ ಮೆಮೊರಿ ಲೀಕ್ ಇರುವ ಸಾಧ್ಯತೆ" ಅಂತ ಬರೆದೆ. ಸಾಧ್ಯತೆ ಅನ್ನೋ ಪದವನ್ನ ಮೇಲಿನವರು ಯಾರೂ ಓದೋದಿಲ್ಲ, ಅದು ನನಗೂ ಗೊತ್ತಿತ್ತು. ತಿಂಗಳ ಕೊನೆಗೆ ಅವನ ಕಾಂಟ್ರ್ಯಾಕ್ಟ್ ಮುಗೀತಿತ್ತು. ಮುಂದುವರಿಸಲಿಲ್ಲ.

ಈಗ ಇತಿಹಾಸಕ್ಕೆ ಬರ್ತೀನಿ. ಯಾರೂ ನೋಡದ ವೇಳೆಯಲ್ಲಿ ಮೆಷಿನ್ ನಿಲ್ಲೋದು, ಆಮೇಲೆ ಯಾರ ಮೇಲೋ ಗೂಬೆ ಕೂರೋದು, ಇವೆರಡೂ ಕಂಪ್ಯೂಟರ್‌ನಷ್ಟೇ ಹಳೇವು.

1947. ಅಮೆರಿಕದ ಬೆಲ್ ಲ್ಯಾಬ್ಸ್. ರಿಚರ್ಡ್ ಹ್ಯಾಮಿಂಗ್ ಅನ್ನೋ ಗಣಿತಜ್ಞ, ಯುದ್ಧದ ಕಾಲದಲ್ಲಿ ಲಾಸ್ ಅಲಮೋಸ್‌ನಲ್ಲಿ ಬಾಂಬ್ ಲೆಕ್ಕಗಳನ್ನ ಓಡಿಸಿ ಬಂದವರು. ಇಲ್ಲಿ ರಿಲೇಗಳಿಂದ ಕಟ್ಟಿದ ಒಂದು ದೊಡ್ಡ ಕಂಪ್ಯೂಟರ್ ಇತ್ತು. ಟ್ರಾನ್ಸಿಸ್ಟರ್ ಅಲ್ಲ, ಟಕಟಕ ಅನ್ನೋ ರಿಲೇ. ಹ್ಯಾಮಿಂಗ್‌ಗೆ ಅದು ಸಿಗ್ತಿದ್ದದ್ದು ವಾರಾಂತ್ಯದಲ್ಲಿ ಮಾತ್ರ. ಶುಕ್ರವಾರ ಸಂಜೆ ಪೇಪರ್ ಟೇಪ್ ಹಾಕಿ ಹೋಗೋದು, ಸೋಮವಾರ ಉತ್ತರ ತಗೊಳ್ಳೋದು. ಆ ಮೆಷಿನ್‌ಗೆ ತನ್ನ ತಪ್ಪು ಗೊತ್ತಾಗ್ತಿತ್ತು, ಅದೇ ಅದರ ವಿಶೇಷ. ಒಂದು ರಿಲೇ ಕೈಕೊಟ್ಟರೆ ಅಂಕಿಯ ಸಂಕೇತ ಅಸಿಂಧು ಆಗಿ ಸಿಕ್ಕಿಬೀಳ್ತಿತ್ತು. ವಾರದ ದಿನಗಳಲ್ಲಿ ಆಪರೇಟರ್‌ಗಳು ಇರ್ತಿದ್ರು, ಬಂದು ಸರಿಮಾಡ್ತಿದ್ರು. ವಾರಾಂತ್ಯದಲ್ಲಿ ಯಾರೂ ಇಲ್ಲ. ಹಾಗಾಗಿ ಮೆಷಿನ್ ಆ ಲೆಕ್ಕವನ್ನ ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗ್ತಿತ್ತು. ಎರಡು ವಾರಾಂತ್ಯ ಒಂದರ ಹಿಂದೆ ಒಂದು ಹ್ಯಾಮಿಂಗ್ ಬಂದು ನೋಡ್ತಾರೆ, ತಮ್ಮ ಲೆಕ್ಕ ಆಗಿಲ್ಲ. ಸಿಟ್ಟು ಬಂತು. ತಪ್ಪಾಗಿದೆ ಅಂತ ತಿಳಿಯೋ ಮೆಷಿನ್‌ಗೆ ತಪ್ಪು ಎಲ್ಲಿದೆ ಅಂತ ಯಾಕೆ ತಿಳೀಬಾರದು? ಎಲ್ಲಿದೆ ಅಂತ ತಿಳಿದ ಮೇಲೆ ತಾನೇ ಯಾಕೆ ತಿದ್ದಬಾರದು?

ಅವರು ಕಂಡುಕೊಂಡ ದಾರಿ ನಮ್ಮ ಅಂಗಡಿ ಲೆಕ್ಕದ ಪುಸ್ತಕದ ಹಾಗೇ ಇದೆ. ಅಂಕಿಗಳನ್ನ ಅಡ್ಡ ಸಾಲು, ಉದ್ದ ಸಾಲು ಮಾಡಿ ಬರೀರಿ. ಪ್ರತಿ ಸಾಲಿನ ಕೊನೆಗೂ ಒಂದು ಮೊತ್ತ. ಒಂದು ಅಂಕಿ ತಪ್ಪಾದರೆ ಒಂದು ಅಡ್ಡ ಮೊತ್ತ, ಒಂದು ಉದ್ದ ಮೊತ್ತ ತಾಳೆ ಆಗೋದಿಲ್ಲ. ಆ ಎರಡು ಸಾಲು ಸೇರುವ ಮನೆಯಲ್ಲೇ ತಪ್ಪು ಇದೆ. ಬಿಟ್ ಅಂದರೆ ಸೊನ್ನೆ ಇಲ್ಲ ಒಂದು, ಹಾಗಾಗಿ ಜಾಗ ಗೊತ್ತಾದರೆ ತಿದ್ದೋದು ಸಲೀಸು. ಇದನ್ನ ಇನ್ನೂ ಕಡಿಮೆ ಖರ್ಚಿನಲ್ಲಿ ಮಾಡುವ ವಿಧಾನವನ್ನ ಅವರು 1950ರಲ್ಲಿ ಪ್ರಕಟಿಸಿದರು. ಇವತ್ತು ಸರ್ವರ್ ಕೊಳ್ಳುವಾಗ ಇಸಿಸಿ ರ‍್ಯಾಮ್ ಅಂತ ಹೆಚ್ಚು ದುಡ್ಡು ಕೊಡ್ತೀವಲ್ಲ, ಅದರ ಮೂಲ ಹ್ಯಾಮಿಂಗ್‌ರ ಆ ಎರಡು ಹಾಳಾದ ವಾರಾಂತ್ಯ. 64 ಬಿಟ್‌ಗೆ 8 ಬಿಟ್ ಕಾವಲು, ಒಟ್ಟು 72. ಒಂದು ಬಿಟ್ ತಪ್ಪಾದರೆ ತಾನೇ ತಿದ್ದುತ್ತೆ, ಎರಡು ತಪ್ಪಾದರೆ ತಿದ್ದಲು ಆಗದು, ಆದರೆ ಕೂಗಿ ಹೇಳುತ್ತೆ.

ಈ ಕಾವಲುಗಾರನಿಗೆ ಸಂಬಳ ಯಾಕೆ ಕೊಡಬೇಕು ಅಂತ ಕೇಳಿದವರೂ ಇದ್ದರು, ಸಣ್ಣವರಲ್ಲ. ಸೀಮೋರ್ ಕ್ರೇ, 1964ರಲ್ಲಿ ಲೋಕದ ಅತಿ ವೇಗದ ಕಂಪ್ಯೂಟರ್ ಸಿಡಿಸಿ 6600 ಕಟ್ಟಿದವರು, ಅದರ ಮುಖ್ಯ ಮೆಮೊರಿಗೆ ಪ್ಯಾರಿಟಿ ಕೂಡ ಇಡಲಿಲ್ಲ. ಪ್ಯಾರಿಟಿ ಅನ್ನೋದು ರೈತರಿಗೆ ಬೇಕಾದದ್ದು ಅಂತ ತಮಾಷೆ ಮಾಡಿದರು ಅಂತ ಕತೆ. ಅಮೆರಿಕದಲ್ಲಿ ಆ ಪದಕ್ಕೆ ಬೆಳೆಯ ಬೆಂಬಲ ಬೆಲೆ ಅನ್ನೋ ಅರ್ಥದ ನೆರಳೂ ಇದೆ, ಅದಕ್ಕೇ ಆ ಜೋಕು. ಕಾವಲು ಇಟ್ಟರೆ ಚಿಪ್ ಹೆಚ್ಚು, ವೇಗ ಕಡಿಮೆ. ಕ್ರೇಗೆ ವೇಗವೇ ದೇವರು.

ಆ ದೇವರು 1976ರಲ್ಲಿ ಸ್ವಲ್ಪ ಮುನಿದ. ಕ್ರೇ-1 ಅನ್ನೋ ಹೊಸ ಸೂಪರ್ ಕಂಪ್ಯೂಟರ್‌ನ ಮೊದಲ ಮೆಷಿನ್ ಲಾಸ್ ಅಲಮೋಸ್‌ಗೆ ಹೋಯ್ತು. ಹೌದು, ಹ್ಯಾಮಿಂಗ್ ಒಮ್ಮೆ ಕೆಲಸ ಮಾಡಿದ್ದ ಅದೇ ಊರು. ಸಮುದ್ರ ಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದ ಊರು ಅನ್ನೋದನ್ನ ನೆನಪಿಡಿ, ಆಮೇಲೆ ಬೇಕಾಗುತ್ತೆ. ಒಪ್ಪಂದ ಏನಪ್ಪಾ ಅಂದ್ರೆ ಆರು ತಿಂಗಳು ಪುಕ್ಕಟೆ ಇಟ್ಕೊಳ್ಳಿ, ಆಮೇಲೆ ಕೊಳ್ತೀರೋ, ಬಾಡಿಗೆಗೆ ತಗೊಳ್ತೀರೋ, ವಾಪಸ್ ಕೊಡ್ತೀರೋ ನಿಮ್ಮಿಷ್ಟ. ಕೊಳ್ಳೋದೋ ಬೇಡವೋ ಅಂತ ತೀರ್ಮಾನ ಮಾಡಬೇಕಲ್ಲ, ಹಾಗಾಗಿ ಅಲ್ಲಿನ ಇಂಜಿನಿಯರ್‌ಗಳು ಪ್ರತಿಯೊಂದು ತೊಂದರೆಯನ್ನೂ ಬರೆದಿಟ್ಟರು. ಸುಮಾರು 70,000 ಮೆಮೊರಿ ಚಿಪ್. ಈ ಮೆಷಿನ್‌ಗೆ ಪ್ಯಾರಿಟಿ ಇತ್ತು, ತಪ್ಪು ಗೊತ್ತಾಗ್ತಿತ್ತು, ತಿದ್ದಲು ಬರ್ತಿರಲಿಲ್ಲ. ಆರು ತಿಂಗಳಲ್ಲಿ 152 ತಪ್ಪು ದಾಖಲಾದವು. ಹೆಚ್ಚುಕಡಿಮೆ ದಿನಕ್ಕೊಂದು. ಯಾಕೆ ಅಂತ ಯಾರಿಗೂ ತಿಳೀಲಿಲ್ಲ. ಆದರೆ ಕ್ರೇ ಪಾಠ ಕಲಿತರು. ಮುಂದಿನ ಮೆಷಿನ್‌ಗಳಿಗೆ ಹ್ಯಾಮಿಂಗ್ ಕಾವಲು ಬಂತು, 64ಕ್ಕೆ 8.

ಎರಡು ವರ್ಷ ಆದ ಮೇಲೆ, ಇಂಟೆಲ್‌ನಲ್ಲಿ. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾದ ಪತ್ತೇದಾರಿ ಇದೇ. ಅಷ್ಟರಲ್ಲಿ ಮೆಮೊರಿ ಅಂದರೆ ಡಿರ‍್ಯಾಮ್ ಆಗಿತ್ತು. ಐಬಿಎಂನ ರಾಬರ್ಟ್ ಡೆನ್ನಾರ್ಡ್‌ಗೆ 1968ರಲ್ಲಿ ಪೇಟೆಂಟ್ ಸಿಕ್ಕ ಐಡಿಯಾ. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಕೆಪಾಸಿಟರ್ ಅಂದರೆ ತೂತಿರುವ ತಂಬಿಗೆ ಅಂದ್ಕೊಳ್ಳಿ. ಚಾರ್ಜ್ ಸೋರ್ತಾನೇ ಇರುತ್ತೆ, ಸೋರಿ ಖಾಲಿಯಾಗೋದಕ್ಕೆ ಮುಂಚೆ ಓದಿ ಮತ್ತೆ ತುಂಬಿಸ್ತಾ ಇರಬೇಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸೆಕೆಂಡಿಗೆ ಹಲವು ಸಲ ಈ ಕೆಲಸ ನಡೀತಿದೆ, ಈಗಲೂ.

ಚಿಪ್‌ನಲ್ಲಿ ಬಿಟ್ ಹೆಚ್ಚಾದ ಹಾಗೆ ತಂಬಿಗೆ ಚಿಕ್ಕದಾಯ್ತು. 16 ಕಿಲೋಬಿಟ್ ಚಿಪ್ ಬರೋ ಹೊತ್ತಿಗೆ ವಿಚಿತ್ರ ತಪ್ಪುಗಳು ಶುರುವಾದವು. ಒಂದು ಬಿಟ್ ತಿರುಗಿಬಿಡುತ್ತೆ. ಅದೇ ಜಾಗಕ್ಕೆ ಮತ್ತೆ ಬರೆದು ಓದಿದರೆ ಸರಿಯಾಗೇ ಇದೆ. ಚಿಪ್ ಕಿತ್ತು ಪರೀಕ್ಷೆ ಮಾಡಿದರೆ ಪಾಸ್. ಏನೂ ಮುರಿದಿಲ್ಲ, ಆದರೆ ತಪ್ಪಾಗಿದೆ. ಇಂಥದ್ದಕ್ಕೇ ಸಾಫ್ಟ್ ಎರರ್ ಅನ್ನೋ ಹೆಸರು.

ಟಿಮ್ ಮೇ ಅನ್ನೋ ಯುವ ಭೌತವಿಜ್ಞಾನಿ ಇದರ ಹಿಂದೆ ಬಿದ್ದರು. ಆಲ್ಫಾ ಕಣ ಉಗುಳುವ ವಸ್ತುವನ್ನ ತೆರೆದ ಚಿಪ್‌ನ ಮುಂದೆ ಇಟ್ಟರೆ ತಪ್ಪುಗಳು ಏರಿದವು. ಲೆಕ್ಕ ನಾವೂ ಮಾಡಬಹುದು. ಸಿಲಿಕಾನ್‌ನಲ್ಲಿ ಒಂದು ಎಲೆಕ್ಟ್ರಾನ್ ಬಿಡಿಸಲು ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್ ಬೇಕು. 50 ಲಕ್ಷ ಎಲೆಕ್ಟ್ರಾನ್ ವೋಲ್ಟ್‌ನ ಒಂದು ಆಲ್ಫಾ ಕಣ ಒಳಗೆ ನುಗ್ಗಿದರೆ ಸುಮಾರು 14 ಲಕ್ಷ ಎಲೆಕ್ಟ್ರಾನ್ ಎದ್ದೇಳ್ತವೆ. ತಂಬಿಗೆಯಲ್ಲಿ ಇರೋದೇ ಆ ಲೆಕ್ಕದ ಆಸುಪಾಸು. ಸೊನ್ನೆ ಒಂದಾಗೋಕೆ, ಒಂದು ಸೊನ್ನೆಯಾಗೋಕೆ ಅಷ್ಟು ಸಾಕು.

ಆದರೆ ಆಲ್ಫಾ ಕಣವನ್ನ ಒಂದು ಹಾಳೆ ಕಾಗದ ತಡೆದುಬಿಡುತ್ತೆ. ಹೊರಗಿನಿಂದ ಬಂದು ಚಿಪ್ ಮುಟ್ಟೋದು ಸಾಧ್ಯವೇ ಇಲ್ಲ. ಅಂದಮೇಲೆ ಕಳ್ಳ ಮನೆಯೊಳಗೇ ಇದ್ದಾನೆ. ಚಿಪ್‌ಗೆ ಹೊದಿಸಿದ ಸೆರಾಮಿಕ್ ಕವಚದಲ್ಲೇ ಚೂರುಪಾರು ಯುರೇನಿಯಂ, ಥೋರಿಯಂ ಇತ್ತು! ಕವಚ ಮಾಡುವ ಹೊಸ ಕಾರ್ಖಾನೆ ಒಂದು ನದಿ ದಂಡೆಯಲ್ಲಿತ್ತು, ಆ ನದಿಯ ಮೇಲ್ಭಾಗದಲ್ಲಿ ಹಳೆಯ ಯುರೇನಿಯಂ ಗಣಿಯ ಕಸ ಬಿದ್ದಿತ್ತು ಅಂತ ಈ ಕ್ಷೇತ್ರದ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಮೇ ಮತ್ತು ಅವರ ಸಹೋದ್ಯೋಗಿ ವುಡ್ಸ್ ಇದನ್ನ 1978ರಲ್ಲಿ ಸಮ್ಮೇಳನದಲ್ಲಿ ಹೇಳಿ, 1979ರಲ್ಲಿ ಪೂರ್ಣ ಪ್ರಬಂಧ ಪ್ರಕಟಿಸಿದರು. ಉದ್ಯಮ ಇಡೀ ಕವಚದ ಮಣ್ಣು ಶುದ್ಧ ಮಾಡಲು ಹೊರಟಿತು. ಆ ಹೊತ್ತಿನಲ್ಲಿ ಹ್ಯಾಂಗ್ ಆದ ಮೆಷಿನ್‌ಗಳ ಮುಂದೆ ಎಷ್ಟು ಪ್ರೋಗ್ರಾಮರ್‌ಗಳು ತಮ್ಮ ಕೋಡನ್ನ ಸಾಲುಸಾಲಾಗಿ ಓದ್ತಾ ರಾತ್ರಿ ಕಳೆದಿರಬಹುದು ಅಂತ ನಾನು ಯೋಚಿಸ್ತೀನಿ. ಅವರ ತಪ್ಪಲ್ಲ. ಎಲ್ಲೋ ಒಂದು ನದಿಯ ನೀರು.

ಕವಚ ಶುದ್ಧ ಮಾಡಿದರೂ ತಪ್ಪು ಸೊನ್ನೆಗೆ ಇಳಿಯಲಿಲ್ಲ. ವಿಲಿಯಂ ಲ್ಯಾನ್‌ಫರ್ಡ್ ಮತ್ತು ಐಬಿಎಂನ ಜೇಮ್ಸ್ ಝೀಗ್ಲರ್ 1979ರಲ್ಲಿ ಬರೆದರು: ಆಕಾಶದಿಂದ ಬರುವ ವಿಶ್ವಕಿರಣಗಳು, ಅಂದರೆ ಕಾಸ್ಮಿಕ್ ಕಿರಣಗಳೂ ಮೆಮೊರಿಯನ್ನ ಕೆಡಿಸಬೇಕು. ಅವು ವಾತಾವರಣಕ್ಕೆ ಬಡಿದು ಚಿಮ್ಮಿಸುವ ನ್ಯೂಟ್ರಾನ್‌ಗಳು ಚಿಪ್‌ವರೆಗೂ ಬರ್ತವೆ. ಇದನ್ನ ಸಾಬೀತು ಮಾಡೋದು ಹೇಗೆ? ಐಬಿಎಂನವರು ಮೆಮೊರಿಗಳನ್ನ ಬೆಟ್ಟ ಹತ್ತಿಸಿದರು, ಗುಹೆಗೆ ಇಳಿಸಿದರು. ಕೊಲೊರಾಡೊದ ಲೆಡ್‌ವಿಲ್, 3,000 ಮೀಟರ್‌ಗೂ ಎತ್ತರ, ಅಲ್ಲಿ ತಪ್ಪು ಹೆಚ್ಚು. ನೆಲದಡಿ ಬಂಡೆಯ ಕೆಳಗೆ ಇಟ್ಟರೆ ತಪ್ಪು ಹೆಚ್ಚುಕಡಿಮೆ ಮಾಯ.

ಇಲ್ಲಿ ನಮ್ಮವರನ್ನ ನೆನೆಯದೆ ಮುಂದೆ ಹೋಗೋಕೆ ಮನಸ್ಸಾಗ್ತಿಲ್ಲ. ಬಂಡೆಯನ್ನ ಕೊಡೆ ಮಾಡಿಕೊಂಡು ವಿಶ್ವಕಿರಣ ಅಳೆಯೋದನ್ನ ಕೋಲಾರದ ಚಿನ್ನದ ಗಣಿಯಲ್ಲಿ 1951ರಲ್ಲೇ ಶುರು ಮಾಡಿದ್ದರು. ಹೋಮಿ ಭಾಭಾ ಅವರ ಟಾಟಾ ಸಂಸ್ಥೆಯಿಂದ ಗಣಿಗೆ ಇಳಿದವರು ಮೈಸೂರು ಸೀಮೆಯವರೇ ಆದ ಬಿ.ವಿ. ಶ್ರೀಕಂಠನ್. ಕೆಳಗೆ ಹೋದಷ್ಟೂ ಆಕಾಶದ ಗದ್ದಲ ಕಡಿಮೆ. 1965ರಲ್ಲಿ ಅದೇ ಗಣಿಯಲ್ಲಿ, 2 ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಅವರು ಮೆಮೊರಿ ಚಿಪ್‌ಗಾಗಿ ಇಳಿದದ್ದಲ್ಲ, ಡಿರ‍್ಯಾಮ್ ಆಗ ಹುಟ್ಟೇ ಇರಲಿಲ್ಲ. ಆದರೆ ಗದ್ದಲ ಎಲ್ಲಿಂದ ಬರ್ತಿದೆ ಅಂತ ತಿಳೀಬೇಕಾದರೆ ಜಾಗ ಬದಲಿಸಿ ಎಣಿಸಬೇಕು ಅನ್ನೋ ಉಪಾಯ ಒಂದೇ.

ಲಾಸ್ ಅಲಮೋಸ್‌ನ 152 ತಪ್ಪು ಏನಾಯ್ತು ಅಂತೀರಾ? 2010ರಲ್ಲಿ ಸಂಶೋಧಕರು ಆ ಹಳೇ ದಾಖಲೆ ಹಿಡಿದು ಲೆಕ್ಕ ಹಾಕಿದರು. ಅಷ್ಟು ಎತ್ತರದಲ್ಲಿ ನ್ಯೂಟ್ರಾನ್ ಎಷ್ಟು, ಆ ಚಿಪ್ ಎಷ್ಟು ಸೂಕ್ಷ್ಮ, ಎರಡೂ ತಾಳೆ ಆದವು. 34 ವರ್ಷದ ನಂತರ ಉತ್ತರ ಸಿಕ್ಕಿತು, ಯಾರೋ ಅವತ್ತು ಸಂಖ್ಯೆ ಬರೆದಿಟ್ಟಿದ್ದಕ್ಕೆ.

ಈ ವಿಶ್ವಕಿರಣದ ಕತೆ ಕೇಳೋಕೆ ಎಷ್ಟು ಚೆಂದ ಅಂದ್ರೆ, ನಮ್ಮ ಕಸುಬಿನಲ್ಲಿ ಅದೊಂದು ನೆಪ ಆಗಿಬಿಟ್ಟಿದೆ. ಸರ್ವರ್ ಯಾಕೆ ನಿಂತಿತು? ಕಾಸ್ಮಿಕ್ ರೇ ಇರಬೇಕು, ರೀಬೂಟ್ ಮಾಡಿ. ಇದಕ್ಕೆ ತಣ್ಣೀರು ಎರಚಿದ್ದು 2009ರ ಒಂದು ಅಧ್ಯಯನ. ಟೊರಾಂಟೊದ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಇಬ್ಬರು ಸೇರಿ ಗೂಗಲ್‌ನ ಮೆಷಿನ್‌ಗಳ ಮೆಮೊರಿ ತಪ್ಪುಗಳನ್ನ ಎರಡೂವರೆ ವರ್ಷ ಎಣಿಸಿದ್ದರು. ವರ್ಷಕ್ಕೆ ಸುಮಾರು ಮೂರನೇ ಒಂದು ಭಾಗ ಮೆಷಿನ್‌ಗಳು ಒಂದಾದರೂ ತಪ್ಪು ಕಂಡಿದ್ದವು. ಸ್ಟಿಕ್‌ಗಳಲ್ಲಿ ಶೇಕಡಾ 8ಕ್ಕೂ ಹೆಚ್ಚು. ಮುಖ್ಯ ಮಾತು ಇದಲ್ಲ. ತಪ್ಪು ಆಕಾಶದಿಂದ ಮಳೆಯ ಹಾಗೆ ಎಲ್ಲರ ಮೇಲೂ ಸಮನಾಗಿ ಬೀಳ್ತಿರಲಿಲ್ಲ. ಒಮ್ಮೆ ತಪ್ಪಿದ ಸ್ಟಿಕ್ಕೇ ಮತ್ತೆ ಮತ್ತೆ ತಪ್ತಿತ್ತು. ಬಹುಪಾಲು ದೋಷ ಗಟ್ಟಿ ದೋಷ, ಅಂದರೆ ಆ ವಸ್ತುವಿನಲ್ಲೇ ಇರುವ ಹುಳುಕು. ಎಸ್.ಪಿ. ರಸ್ತೆಯ ಹುಡುಗನ ರಬ್ಬರ್‌ಗೆ ಗೊತ್ತಿದ್ದದ್ದೂ ಇದೇ.

ಮತ್ತೆ ಹಿಂಜವಡಿಗೆ.

ಹುಡುಗ ಹೋಗಿ ಮೂರು ವಾರ ಆಗಿತ್ತು. ಅವನ ರಿಪೋರ್ಟ್ ತೆಗೆದುಹಾಕಿದ್ವಿ. ಒಂದು ಮಧ್ಯಾಹ್ನ ಮೆಷಿನ್ ಮತ್ತೆ ಕಲ್ಲಾಯ್ತು. ಹೊಟ್ಟೆಯಲ್ಲಿ ಏನೋ ತಣ್ಣಗೆ ಇಳಿದ ಹಾಗಾಯ್ತು. ಲಿನಕ್ಸ್‌ನ ಮೆಮೊರಿ ತಪ್ಪಿನ ಎಣಿಕೆ ನೋಡಿದೆ, ಸೊನ್ನೆ. ಮೊದಲೂ ಅದನ್ನೇ ನೋಡಿ ರ‍್ಯಾಮ್ ಸರಿಯಿದೆ ಅಂತ ತೀರ್ಮಾನಿಸಿದ್ದೆ. ಈ ಸಲ ಒಂದು ಹೆಜ್ಜೆ ಕೆಳಗೆ ಹೋದೆ. ಸರ್ವರ್‌ಗಳ ಬೋರ್ಡ್ ಮೇಲೆ ಬಿಎಂಸಿ ಅಂತ ಒಂದು ಪುಟ್ಟ ಕಂಪ್ಯೂಟರ್ ಇರುತ್ತೆ. ಆಪರೇಟಿಂಗ್ ಸಿಸ್ಟಂ ಸತ್ತರೂ ಅದು ಎದ್ದಿರುತ್ತೆ, ತನ್ನದೇ ದಿನಚರಿ ಬರೀತಿರುತ್ತೆ. ಅದನ್ನ ತೆರೆದರೆ ಒಂದೇ ಸಾಲು ಪುಟಗಟ್ಟಲೆ: ತಿದ್ದಬಹುದಾದ ಇಸಿಸಿ ತಪ್ಪು, ದಾಖಲೆಯ ಮಿತಿ ಮುಟ್ಟಿದೆ, ಸ್ಲಾಟ್ ಬಿ2.

ಆಗ ಅರ್ಥವಾಯ್ತು. ಆ ಸರ್ವರ್‌ನಲ್ಲಿ ಮೆಮೊರಿ ತಪ್ಪನ್ನ ಮೊದಲು ಫರ್ಮ್‌ವೇರ್ ಹಿಡಿದುಕೊಳ್ತಿತ್ತು, ಲಿನಕ್ಸ್‌ಗೆ ಹೇಳ್ತಿರಲಿಲ್ಲ. ಅದಕ್ಕೇ ಸೊನ್ನೆ. ಫರ್ಮ್‌ವೇರ್ ತನ್ನ ಕೆಲಸಕ್ಕೆ ಇಳಿದಾಗ ಪ್ರೊಸೆಸರ್‌ನ ಎಲ್ಲ ಕೋರ್‌ಗಳೂ ಕೈಕಟ್ಟಿ ನಿಲ್ಲಬೇಕು. ಒಂದು ತಪ್ಪಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲ, ಯಾರಿಗೂ ತಿಳಿಯೋದಿಲ್ಲ. ಆದರೆ ಹುಳುಕು ಸ್ಟಿಕ್ ಒಂದು ಸಾವಿರಗಟ್ಟಲೆ ತಪ್ಪು ಉಗುಳಿದರೆ? ಒಂದನ್ನ ಬರೆದು ಮುಗಿಸೋದರೊಳಗೆ ಇನ್ನೊಂದು, ಮತ್ತೊಂದು. ಮೆಷಿನ್ ಬರೀ ತಿದ್ದುಪಡಿ ದಾಖಲೆ ಬರೀತಾ ಕಲ್ಲಾಗಿ ಕೂತಿರುತ್ತೆ. ಹ್ಯಾಮಿಂಗ್‌ರ ಕಾವಲುಗಾರ ಒಂದೂ ತಪ್ಪು ಉತ್ತರ ಹೊರಬಿಟ್ಟಿರಲಿಲ್ಲ. ಅವನ ನಿಷ್ಠೆಯೇ ನಮ್ಮ ಫ್ರೀಜ್. ಒಂದು ಸುತ್ತಿನ ಮೆಮೊರಿ ಟೆಸ್ಟ್ ಪಾಸಾದದ್ದೂ ಅದಕ್ಕೇ, ತಿದ್ದಿದ ಉತ್ತರವನ್ನಷ್ಟೇ ಅದು ನೋಡಿತ್ತು.

ಸ್ಟಿಕ್ಕೋ, ಸ್ಲಾಟೋ ಅಂತ ಇನ್ನೂ ಗೊತ್ತಿರಲಿಲ್ಲ. ರಾತ್ರಿ ಅನುಮತಿ ತಗೊಂಡು ಬಿ2ರ ಸ್ಟಿಕ್ಕನ್ನ ಎ2ಕ್ಕೆ ಹಾಕಿದೆ, ಎ2ರದ್ದನ್ನ ಬಿ2ಕ್ಕೆ. ಎರಡು ದಿನದಲ್ಲಿ ದಿನಚರಿಯಲ್ಲಿ ಎ2 ಅಂತ ಬಂತು. ತಪ್ಪು ಸ್ಟಿಕ್‌ನ ಜೊತೆಗೇ ನಡೆದುಹೋಗಿತ್ತು. ಅದನ್ನ ತೆಗೆದು ಬೇರೆ ಹಾಕಿದ ಮೇಲೆ ಮೆಷಿನ್ ಒಮ್ಮೆಯೂ ನಿಲ್ಲಲಿಲ್ಲ. ಇಷ್ಟೇ ಕೆಲಸ. ಮೊದಲ ವಾರವೇ ಮಾಡಬಹುದಿತ್ತು.

ಆ ದಿನಚರಿಯ ಮೊದಲ ಸಾಲಿನ ವೇಳೆ ನೋಡಿದೆ. ಭಾನುವಾರ, ನಸುಕಿನ 3:10. ಬ್ಯಾಕಪ್ ಓಡುವ ಹೊತ್ತು. ಹೊಸ ಸ್ಟಿಕ್ ಹಾಕಿ ಆರು ಗಂಟೆ ಕೂಡ ಆಗಿರಲಿಲ್ಲ. ಹುಡುಗನ ಕೋಡ್ ಬರೋಕೆ ಇನ್ನೂ ಎರಡು ದಿನ ಇತ್ತು.

ಹಳೇ ಮೇಲ್‌ಗೇ ಉತ್ತರ ಬರೆದೆ, ಅದೇ ಜನರಿಗೆಲ್ಲ. ಕಾರಣ ರ‍್ಯಾಮ್ ಸ್ಟಿಕ್, ನನ್ನ ಹಿಂದಿನ ವಿವರಣೆ ತಪ್ಪು, ರಿಪೋರ್ಟ್‌ಗೂ ಇದಕ್ಕೂ ಸಂಬಂಧ ಇಲ್ಲ. ಒಬ್ಬರು ಥ್ಯಾಂಕ್ಸ್ ಅಂತ ಬರೆದರು. ಕಾಂಟ್ರ್ಯಾಕ್ಟ್ ವಿಷಯ ಕೇಳಿದರೆ, ಆ ಜಾಗಕ್ಕೆ ಬೇರೆಯವರು ಬಂದಾಗಿದೆ ಅಂದರು.

ಹುಡುಗನಿಗೆ ಫೋನ್ ಮಾಡಿದೆ. ಹೈದರಾಬಾದ್‌ನಲ್ಲಿ ಇಂಟರ್‌ವ್ಯೂಗೆ ಅಲೀತಿದ್ದ, ಯಾವುದೋ ಬಸ್ ಒಳಗಿನ ಸದ್ದು. ಎಲ್ಲ ಹೇಳಿದೆ. ತಪ್ಪಾಯ್ತು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬ್ಯಾಕಪ್ ಲಾಗ್ ನೋಡಿದ್ರೇನ್ರಿ ಸರ್?" ಅಂದ.

ನೋಡಿದೆ ಅಂದೆ.

"ಆ ಮೇಲ್ ನನಗೂ ಒಂದು ಕಳಸ್ರಿ," ಅಂದ. "ಅಲ್ಲಿಂದ ಯಾಕ ಬಿಟ್ಟಿ ಅಂತ ಇಲ್ಲೆ ಎಲ್ಲಾರೂ ಕೇಳ್ತಾರ್ರಿ."

ಅವತ್ತೇ ಸಂಜೆ ಕಳಿಸಿದೆ.